ಚೀನಾ ಮಾಸ್ತರರ ಪೆಟ್ಟಿಗೆ ಕಾಣೆಯಾದ ದೀಪಾವಳಿ

ಹುಬ್ಬಳ್ಳಿಯ ಹಣ್ಣಿನ ಪೇಟೆಗೆ ನಾನು ಹೋಗುವುದು ಕಡಿಮೆ. ಈ ಬೇಸಿಗೆಯಲ್ಲಿ ಮೊಮ್ಮಗಳು ಹಟ ಹಿಡಿದಳೆಂದು ಹೋದೆ. ಅಂಗಡಿಯವನು ಮಾವಿನ ಬುಟ್ಟಿಯ ಮೇಲಿನ ಹುಲ್ಲು ಸರಿಸಿದ ಕೂಡಲೇ ಆ ವಾಸನೆ ಬಂತು. ಹಣ್ಣು ಬೇಗ ಮಾಗಲೆಂದು ಕಾಗದದಲ್ಲಿ ಸುತ್ತಿಡುವ ಕಾರ್ಬೈಡಿನ ವಾಸನೆ, ಬೆಳ್ಳುಳ್ಳಿ ಕೊಳೆತ ಹಾಗೆ. ಮೊಮ್ಮಗಳು ಮೂಗು ಮುಚ್ಚಿಕೊಂಡಳು. ಹಣ್ಣು ಕೊಳ್ಳದೆ ಮನೆಗೆ ಬಂದೆವು. ಯಾಕೆಂದು ಅವಳಿಗೆ ಹೇಳಲಾಗಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪತ್ರಿಕೆಯ ಕೆಲಸಕ್ಕೆ ಸೇರಿದ ಮೊದಲ ವಾರ ನಮ್ಮ ಸಂಪಾದಕರು ಕಲಿಸಿದ ಪಾಠವೆಂದರೆ, ಊರಿನ ಹೆಸರಿಲ್ಲದ ಸುದ್ದಿ ಸುದ್ದಿಯಲ್ಲ, ಗಾಳಿಮಾತು. ನಿವೃತ್ತಿಯಾಗುವ ತನಕ ಅದನ್ನು ಪಾಲಿಸಿದೆ. ಈ ಬರಹದಲ್ಲಿ ಮಾತ್ರ ಮುಖ್ಯವಾದ ಊರಿಗೇ ಹೆಸರಿರುವುದಿಲ್ಲ. ಸಿದ್ದಾಪುರ ತಾಲೂಕು, ಹೆಗ್ಗರಣೆಯಿಂದ ಆಚೆ, ಅಘನಾಶಿನಿ ಹೊಳೆಯ ಸದ್ದು ಕೇಳುವಷ್ಟು ಹತ್ತಿರ. ಇಷ್ಟು ಹೇಳಿದರೆ ಸಾಕು.

ಚೀನಾ ಯುದ್ಧದ ವರ್ಷ ಅದು. ನನಗೆ ಮದುವೆಯಾದ ಮೊದಲ ವರ್ಷವೂ ಹೌದು. ದೀಪಾವಳಿಗೆ ಅಳಿಯನಾಗಿ ಗದಗಿಗೆ ಹೋಗಬೇಕಿತ್ತು. ಅದಕ್ಕೆ ಮೊದಲು ಸಂಪಾದಕರು ಒಂದು ಕೆಲಸ ಹಚ್ಚಿದರು: ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹಳ್ಳಿ ಶಾಲೆಗಳನ್ನು ನೋಡಿ ಒಂದು ಲೇಖನಮಾಲೆ ಬರೆಯಬೇಕು. ಜೊತೆಗೆ ಚನ್ನಬಸಪ್ಪ ಮಾಸ್ತರರು ಇರುತ್ತಾರೆ, ಅವರಿಗೆ ಆ ಕಡೆಯ ಶಾಲೆಗಳೆಲ್ಲ ಗೊತ್ತು ಎಂದರು.

ಚನ್ನಬಸಪ್ಪ ಮಾಸ್ತರರು ಬನವಾಸಿಯವರು. ಶಿಕ್ಷಕರ ತರಬೇತಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಕರಿ ಕೋಟು, ಧೋತರ, ತಲೆಗೆ ಬಿಳಿ ಟೋಪಿ. ಕೋಟಿನ ಕಿಸೆಯಲ್ಲಿ ಯಾವಾಗಲೂ ಸುಣ್ಣದ ಕಡ್ಡಿಯ ತುಂಡು. ಎರಡು ದೇಶಗಳ ನಡುವೆ ಸ್ನೇಹದ ಮಾತು ಜೋರಾಗಿದ್ದ ಕಾಲದಲ್ಲಿ, ಐವತ್ತಾರರಲ್ಲಿ, ಶಿಕ್ಷಕರ ಒಂದು ತಂಡದ ಜೊತೆ ಅವರು ಚೀನಾಕ್ಕೆ ಹೋಗಿ ಅಲ್ಲಿಯ ಶಾಲೆಗಳನ್ನು ನೋಡಿ ಬಂದಿದ್ದರು. ತಾವೇ ತೆಗೆದ ಫೋಟೊಗಳನ್ನು ಗಾಜಿನ ಮೇಲೆ ಮೂಡಿಸಿ, ಒಂದು ಹಳೆಯ ಮ್ಯಾಜಿಕ್ ಲ್ಯಾಂಟರ್ನ್ ಕೊಂಡು, ಊರೂರಿನ ಶಾಲೆಯಲ್ಲಿ ಬಿಳಿ ಧೋತರ ಕಟ್ಟಿ ತೋರಿಸುತ್ತಿದ್ದರು. ಕರೆಂಟಿಲ್ಲದ ಊರುಗಳು, ಲ್ಯಾಂಟರ್ನಿಗೆ ಕಾರ್ಬೈಡ್ ದೀಪ. ಜನ ಅವರನ್ನು ಪ್ರೀತಿಯಿಂದ ಚೀನಾ ಮಾಸ್ತರು ಎಂದು ಕರೆಯುತ್ತಿದ್ದರು. ಆ ಹೆಸರು ಅವರಿಗೂ ಇಷ್ಟವಿತ್ತು.

ಯಲ್ಲಾಪುರದಲ್ಲಿ, ಮಾಗೋಡಿನ ಕಡೆಯ ಒಂದು ಶಾಲೆಯಲ್ಲಿ, ನಾನು ಅದನ್ನು ಮೊದಲ ಸಲ ನೋಡಿದೆ. ಸಂಜೆ ಊರಿಗೆ ಊರೇ ಬಂದು ಕೂತಿತ್ತು. ಸಾಲಾಗಿ ನಿಂತು ಕವಾಯತು ಮಾಡುವ ಮಕ್ಕಳು, ಕಾಯಿಪಲ್ಯದ ಮಡಿಗೆ ನೀರು ಹಾಕುವ ಮಕ್ಕಳು, ಕಸಬರಿಗೆ ಹಿಡಿದ ಮಕ್ಕಳು.

"ನೋಡ್ರಿ, ತಮ್ಮ ಸಾಲಿ ಕಸಾ ತಾವ ಹೊಡೀತಾರ," ಎಂದರು ಮಾಸ್ತರರು.

"ಹಂಗಾರೆ ಜವಾನಂಗೆ ಎಂತ ಕೆಲ್ಸ ಮಾರಾಯ್ರೆ?" ಎಂದು ಕತ್ತಲಿನಿಂದ ಒಬ್ಬ ಕೇಳಿದ. ಎಲ್ಲರೂ ನಕ್ಕರು. ಆ ಶಾಲೆಯ ಜವಾನ ಎಲ್ಲರಿಗಿಂತ ಜೋರಾಗಿ ನಕ್ಕ.

ಕೊನೆಗೆ ಬಂದದ್ದು ಒಬ್ಬ ಹುಡುಗಿಯ ಚಿತ್ರ. ಎರಡು ಜಡೆ, ಕೈಯಲ್ಲಿ ಕಾಗದದ ದೀಪದ ಗೂಡು. ಮಾಸ್ತರರು ದನಿ ತಗ್ಗಿಸಿ ಅದರ ಕತೆ ಹೇಳಿದರು. ಚೀನಾದಲ್ಲಿ, ಹೊಳೆಯ ದಂಡೆಯ ಒಂದು ಪಟ್ಟಣದ ಶಾಲೆಯಲ್ಲಿದ್ದಾಗ ದೀಪಾವಳಿ ಬಂತಂತೆ. ಊಟಕ್ಕೆ ಕೂತಾಗ ಮನೆಯ ನೆನಪಾಗಿ ತುತ್ತು ಇಳಿಯಲಿಲ್ಲ. ದುಭಾಷಿ ಕಾರಣ ಕೇಳಿ ಅಲ್ಲಿಯ ಮುಖ್ಯೋಪಾಧ್ಯಾಯಿನಿಗೆ ಹೇಳಿದ. ಸಂಜೆ ಕಿಟಕಿಯಿಂದ ಕೆಳಗೆ ನೋಡಿದರೆ ಈ ಹುಡುಗಿ ದೀಪ ಹಿಡಿದು ನಿಂತಿದ್ದಳು. ಮಾಸ್ತರರು ಇಳಿದು ಬರುವ ತನಕ ಕದಲಲಿಲ್ಲ. ಮರುದಿನ ಬಿಸಿಲಿನಲ್ಲಿ ಅದೇ ದೀಪ ಹಿಡಿಸಿ ಫೋಟೊ ತೆಗೆದರು.

"ನಾ ಮನೀ ಬಿಟ್ಟು ಮಾಡಿದ್ದು ಅದೊಂದ ದೀಪಾವಳಿ ನೋಡ್ರಿ," ಎಂದು ಅವರು ದೀಪ ಆರಿಸಿದರು. ಕಾರ್ಬೈಡಿನ ವಾಸನೆ ಶಾಲೆಯ ತುಂಬ ನಿಂತಿತು.

ಯಲ್ಲಾಪುರದಿಂದ ಶಿರಸಿಗೆ ಬರುವ ಬಸ್ಸಿನಲ್ಲಿ ಸುದ್ದಿ ಸಿಕ್ಕಿತು. ಗಡಿಯಲ್ಲಿ ಗುಂಡು ಹಾರಿದೆ, ಚೀನಾದವರು ಒಳಗೆ ಬರುತ್ತಿದ್ದಾರೆ. ಕಂಡಕ್ಟರ್ ಓದಿ ಹೇಳಿದ ಪತ್ರಿಕೆ ನಮ್ಮದೇ. ಬಸ್ಸಿನಲ್ಲಿದ್ದವರು ಒಬ್ಬೊಬ್ಬರಾಗಿ ಮಾಸ್ತರರ ಕಡೆ ತಿರುಗಿದರು. ಮಾಸ್ತರರು ಕಾಲ ಬುಡದಲ್ಲಿದ್ದ, ಲ್ಯಾಂಟರ್ನು ಮತ್ತು ಚಿತ್ರದ ಗಾಜುಗಳ ಟ್ರಂಕನ್ನು ಸೀಟಿನ ಅಡಿಗೆ ಸ್ವಲ್ಪ ಒತ್ತಿದರು. ನನ್ನ ಹೆದರಿಕೆ ಅಲ್ಲಿಂದ ಶುರುವಾಯಿತು.

ಸ್ವರ್ಣವಲ್ಲಿಯ ದಾರಿಯ ಶಾಲೆಯಲ್ಲಿ ಹೆಡ್‌ಮಾಸ್ತರರು ಬಾಗಿಲಿನಲ್ಲೇ ಕೈ ಮುಗಿದರು. "ಭಾಷಣ ಮಾಡಿ, ಚಿತ್ರ ಬೇಡ." ಭಾಷಣಕ್ಕೂ ಮಕ್ಕಳನ್ನು ಬಿಟ್ಟರೆ ಯಾರೂ ಬರಲಿಲ್ಲ. ಶಿರಸಿ ಪೇಟೆಯಲ್ಲಿ ನಡೆಯುವಾಗ ಹಿಂದಿನಿಂದ ಯಾರೋ "ಚೀನಾ ಮಾಸ್ತರು ಬಂದ್ರು!" ಎಂದು ಕೂಗಿದರು. ಅದೇ ಹೆಸರು. ಮಾಸ್ತರರು ರೂಢಿಯಂತೆ ನಗುತ್ತ ತಿರುಗಿದರು. ಕೂಗಿದವನು ನಗುತ್ತಿರಲಿಲ್ಲ. ಚಹಾದ ಅಂಗಡಿಯಲ್ಲಿ ನಮ್ಮ ಮೇಜಿನಿಂದ ಇಬ್ಬರು ಎದ್ದು ಹೋದರು.

ನಾವು ಇಳಿದಿದ್ದ ಖಾನಾವಳಿಗೆ ಪೊಲೀಸನೊಬ್ಬ ಬಂದು ಮಾಲೀಕರ ಜೊತೆ ಮಾತಾಡಿ ಹೋದ. ಮಾಲೀಕರು ಕಾಮತಿಗಳು, ಹಿರಿಯರು. ನಮ್ಮ ಕೋಣೆಯ ಬಾಗಿಲು ಎಳೆದುಕೊಂಡು ಒಳಗೆ ಬಂದರು.

"ತಕರಾರು ಹೋಗಿದೆ, ಮಾಸ್ತರೇ. ಚೀನಾದ ದೊಡ್ಡ ಮನುಷ್ಯನ ಫೋಟೊ ತೋರಿಸಿ ನಮ್ಮ ಮಕ್ಕಳ ಹತ್ತಿರ ಕೈ ಮುಗಿಸ್ತಾರೆ ಅಂತ ಯಾರೋ ಬರೆದಿದ್ದಾರಂತೆ. ಪೆಟ್ಟಿಗೆ ಸಮೇತ ಸಿಕ್ಕಿದರೆ ಒಯ್ಯಬೇಕು ಅಂತ ಹುಕುಂ ಬರ್ತಾ ಇದೆಯಂತೆ. ನಿಮ್ಮನ್ನ ಹೊರಗೆ ಹಾಕ್ತಿದೇನೆ ಅಂತ ತಿಳೀಬೇಡಿ. ನಾಳೆ ಬೆಳಿಗ್ಗೆ ನನಗೆ ಕೋಣೆ ಬೇಕು, ಅಷ್ಟೇ."

ಚಿತ್ರಗಳಲ್ಲಿ ಒಂದು ತರಗತಿಯ ಚಿತ್ರವಿತ್ತು. ಅದರಲ್ಲಿ ಗೋಡೆಯ ಮೇಲೆ ಅವರ ನಾಯಕನ ಪಟ ಕಾಣುತ್ತಿತ್ತು. ಕೈ ಮುಗಿಸುವುದು ಸುಳ್ಳು. ಪಟ ಇದ್ದದ್ದು ನಿಜ. ಸುಳ್ಳಿನ ಒಳಗೆ ಇಷ್ಟು ನಿಜ ಸೇರಿದರೆ ಅದು ಎಲ್ಲಿಯ ತನಕ ಹೋಗುತ್ತದೆ ಎಂಬುದು ನನ್ನ ಕಸುಬಿನವರಿಗೆ ಗೊತ್ತು.

ಅಂಚೆ ಕಚೇರಿಗೆ ಹೋಗಿ ಹುಬ್ಬಳ್ಳಿಗೆ ಟ್ರಂಕಾಲ್ ಹಾಕಿದೆ. ಸಂಪಾದಕರು ಎಲ್ಲ ಕೇಳಿಕೊಂಡರು.

"ಹಬ್ಬಕ್ಕ ಬರಬ್ಯಾಡ. ಅವರ ಸಂಗತೀನ ಇರು. ಏನರ ಆದ್ರ ಮೊದಲು ನಮಗ ಸಿಗಬೇಕು."

"ಏನರ ಅಂದ್ರ?"

"ಅದು ನಿನಗ ತಿಳೀತೈತಿ."

ತಿಳಿದಿತ್ತು. ಮಾಸ್ತರರನ್ನು ಹಿಡಿದು ಒಯ್ಯುವಾಗ ನಾನು ಪಕ್ಕದಲ್ಲಿರಬೇಕು. ಗದಗಿಗೆ ಬರಲಾಗುವುದಿಲ್ಲವೆಂದು ತಂತಿ ಕೊಟ್ಟೆ. ಆ ಪೊಲೀಸ ನನ್ನ ಹೆಸರನ್ನೂ ಬರೆದುಕೊಂಡು ಹೋಗಿದ್ದನೆಂದು ಕಾಮತಿಗಳು ಆಮೇಲೆ ಹೇಳಿದರು. ಅಂದಿನಿಂದ ನನಗೆ ಅವರ ಸಲುವಾಗಿ ಇದ್ದ ಹೆದರಿಕೆ ಯಾವುದು, ನನ್ನ ಸಲುವಾಗಿ ಇದ್ದದ್ದು ಯಾವುದು ಎಂದು ಬೇರೆ ಮಾಡಲಾಗಲಿಲ್ಲ.

"ಬನವಾಸಿಗೆ ಹೋಗಿಬಿಡ್ರಿ," ಎಂದೆ ಮಾಸ್ತರರಿಗೆ. "ಹಬ್ಬ ಐತಿ. ಬಸ್ಸೂ ಐತಿ."

"ಹೋದ್ರ ಅವರೂ ಅಲ್ಲಿಗೇ ಬರ್ತಾರ. ನನ್ನ ಹೆಣ್ಣುಮಕ್ಕಳ ಮುಂದ, ಹಬ್ಬದ ದಿನಾ, ಪೊಲೀಸರು ಟ್ರಂಕ್ ತಗೀಸೋದು ಬ್ಯಾಡ. ಹೆಗ್ಗರಣೆ ಆಚಿ ಸಾಲಿಗೆ ಬರ್ತೀನಿ ಅಂತ ಹೇಳೇನಿ, ಅಲ್ಲಿಗೇ ಹೋಗೋಣ. ಓಡಿ ಹೋದ್ರ ಅದೂ ಒಂದು ತಪ್ಪು ಆಗ್ತದ."

ಹೀಗೆ ನಾವು ಹೆಸರು ಹೇಳಲಾರದ ಆ ಊರಿಗೆ ಹೋದೆವು. ಹೆಗ್ಗರಣೆಯಲ್ಲಿ ಬಸ್ಸಿಳಿದು, ಟ್ರಂಕನ್ನು ಸರದಿಯ ಮೇಲೆ ಹೊತ್ತು ಕಾಡಿನ ದಾರಿ ಹಿಡಿದೆವು. ಮಳೆ ನಿಂತು ಬಿಸಿಲು ಚುರುಕಾಗಿತ್ತು. ದಾರಿಯಲ್ಲಿ ಎದುರಾದವರು ಮಾಸ್ತರರ ಮುಖ ನೋಡುವ ಮೊದಲು ಟ್ರಂಕನ್ನು ನೋಡಿದರು. ಅಥವಾ ನನಗೆ ಹಾಗೆ ಅನ್ನಿಸಿತು.

ಅಲ್ಲಿಯದು ಒಬ್ಬರೇ ಮಾಸ್ತರರ ಶಾಲೆ. ಸುಬ್ರಾಯ ಹೆಗಡೆ ಎಂಬವರು ಮಾಸ್ತರರು. ಮನೆ ಶಾಲೆಯ ಪಕ್ಕದಲ್ಲೇ. ಹಬ್ಬದ ರಜೆ ಶುರುವಾಗಿದ್ದರಿಂದ ನಮ್ಮನ್ನು ಶಾಲೆಯಲ್ಲೇ ಇಳಿಸಿದರು, ಊಟ ಅವರ ಜಗಲಿಯಲ್ಲಿ. ಅವರು ಶಿರಸಿಯ ಸುದ್ದಿಯನ್ನೆಲ್ಲ ಆಗಲೇ ಕೇಳಿದ್ದರು. ಕೈ ತೊಳೆಯಲು ಹಿತ್ತಿಲ ಕಡೆ ಹೋದಾಗ ಒಳಗೆ ಗಂಡ ಹೆಂಡತಿ ಮಾತಾಡುವುದು ನನಗೆ ಕೇಳಿಸಿತು.

"ಆನು ಎಂತ ಮಾಡವು ಹೇಳು. ಹಬ್ಬಕ್ಕೆ ಬಂದವ್ರಿಗೆ 'ಹೋಗಿ' ಹೇಳಲೆ ಬತ್ತಾ?"

"'ಹೋಗಿ' ಹೇಳದು ಬ್ಯಾಡ. ಆದ್ರೆ ಆ ಪೆಟ್ಟಿಗೆ ನಮ್ಮನೆ ಒಳಗೆ ಬಪ್ಪುದು ಬ್ಯಾಡ. ನಂಗೆ ಹೆದ್ರಿಕೆ ಆಗ್ತು."

"ನಂಗೆ ಆಗ್ತಿಲ್ಲೆ ಹೇಳಿ ಮಾಡಿದ್ಯಾ?"

ಮಧ್ಯಾಹ್ನ ಹೆಗಡೆಯವರು ಶಾಲೆಗೆ ಬಂದು ನೇರವಾಗಿಯೇ ಹೇಳಿದರು. "ಮಾಸ್ತರೇ, ಹೊಳೆ ಇಲ್ಲೇ ಇದೆ. ಗಾಜು ಅಲ್ವಾ, ತಳ ಸೇರ್ತದೆ. ಕೈ ತೊಳಕೊಂಡುಬಿಡಿ."

ಚನ್ನಬಸಪ್ಪ ಮಾಸ್ತರರು, "ಹೆಗಡೆರ, ಇದರಾಗ ಬಂದೂಕು ಹಿಡಿದವರು ಯಾರೂ ಇಲ್ರಿ. ಹುಡುಗ್ರು ಅದಾರ. ಹುಡುಗ್ರನ್ನ ಹೊಳ್ಯಾಗ ಹೆಂಗ ಒಗೀಲಿ?" ಎಂದರು. ದನಿ ಗಟ್ಟಿಯಾಗಿತ್ತು. ಕೈ ಮಾತ್ರ ಕೋಟಿನ ಕಿಸೆಯಲ್ಲಿತ್ತು. ಸುಣ್ಣದ ಕಡ್ಡಿ ಒಳಗೇ ಮುರಿದ ಸದ್ದು ಕೇಳಿಸಿತು.

ಆಗ ತಿಮ್ಮ ನಾಯ್ಕ ಬಂದ. ಶಾಲೆಯ ಎದುರಿನ ಗದ್ದೆ ಅವನದು. ನನ್ನ ವಾರಿಗೆಯವನು, ಗಟ್ಟಿ ಆಳು. ಜೊತೆಗೆ ಅವನ ತಾಯಿ ದ್ಯಾವಮ್ಮ, ಕಂಕುಳಲ್ಲಿ ಒಂದು ದೊಡ್ಡ ಮೊಗೆಕಾಯಿ, ಆ ಕಡೆಯ ಸಾರಿನ ಸೌತೆ. ಹಿಂದಿನ ವರ್ಷ ಮಾಸ್ತರರು ಇಲ್ಲಿ ಚಿತ್ರ ತೋರಿಸಿದ್ದರು.

"ಆ ದೀಪದ್ ಹುಡ್ಗಿ ಬಂದಾಳನ್ರಾ?" ಎಂದು ಕೇಳಿದಳು ದ್ಯಾವಮ್ಮ, ನೆಂಟರ ಮಗಳನ್ನು ವಿಚಾರಿಸುವ ಹಾಗೆ.

"ಬಂದಾಳವ್ವ. ಆದ್ರ ಈ ಸಲ ಹೊರಗ ಬರೂ ಹಂಗಿಲ್ಲ."

"ಯಾಕೆ? ಮೈಗೆ ಹುಷಾರಿಲ್ವಾ?"

ಅವಳಿಗೆ ಯಾರೂ ಉತ್ತರ ಹೇಳುವ ಮೊದಲೇ ಟಪಾಲಿನವನು ಬಂದ. ಚೀಲ ಇಳಿಸದೆ, ನಮ್ಮನ್ನು ನೋಡದೆ, ಹೆಗಡೆಯವರಿಗೆ ಹೇಳಿದ: "ನಾಳೆ ಸಿದ್ದಾಪುರದಿಂದ ಫೌಜದಾರ್ರು ಬರ್ತ್ರಂತೆ. ಹೆಗ್ಗರಣೆಲಿ ಹೇಳ್ತಿದ್ರು. ಪೆಟ್ಟಿಗೆ ಅದೆಯಾ ಅಂತ ಕೇಳಿದ್ರಂತೆ."

ಫೌಜದಾರ ಎಂದರೆ ಪೊಲೀಸ್ ಠಾಣೆಯ ಮುಖ್ಯಸ್ಥ. ದ್ಯಾವಮ್ಮ ಟ್ರಂಕನ್ನು ಒಮ್ಮೆ ನೋಡಿ, ಮೊಗೆಕಾಯಿಯನ್ನು ಹೆಗಡೆಯವರ ಜಗಲಿಯಲ್ಲಿಟ್ಟು, ಮಗನನ್ನು ಕರೆದುಕೊಂಡು ಹೋದಳು.

ಆ ಸಂಜೆ ನೀರು ತುಂಬುವ ಹಬ್ಬ, ಆ ಕಡೆಯವರ ಮಾತಿನಲ್ಲಿ ಬೂರೆ. ಹಂಡೆ ತೊಳೆದು, ಸುತ್ತ ಹಿಂಡ್ಲೆಕಾಯಿಯ ಬಳ್ಳಿ ಕಟ್ಟಿ, ಬಾವಿಯಿಂದ ನೀರು ತಂದು ತುಂಬಿದರು. ಹೆಗಡೆಯವರ ಮನೆಯಲ್ಲಿ ಬ್ಯಾಟರಿ ರೇಡಿಯೊ ಇತ್ತು. ಜಾಗಟೆ ನಿಂತ ಮೇಲೆ ಅಂಗಳದಲ್ಲಿ ಊರಿನವರು ಸೇರಿದರು. ದೇಶದಲ್ಲಿ ತುರ್ತು ಪರಿಸ್ಥಿತಿ ಎಂದು ರೇಡಿಯೊ ಹೇಳಿತು. ಹಾಗೆಂದರೆ ಏನೆಂದು ಹೆಗಡೆಯವರು ಬಿಡಿಸಿ ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ವಿಚಾರಣೆ ಇಲ್ಲದೆ ಹಿಡಿದಿಡಬಹುದು ಎಂಬ ಮಾತು ಬಾಯಿಗೆ ಬಂದಿತ್ತು. ಮಾಸ್ತರರು ಅಲ್ಲೇ ಕೂತಿದ್ದರು.

"ಚೀನಾ ಅಂದ್ರೆ ಸೊರಬದಿಂದ ಆಚಿಗಾ?" ಎಂದಳು ದ್ಯಾವಮ್ಮ.

"ಅದರಿಂದಾನೂ ಆಚಿಗೆ, ಸುಮ್ನಿರು," ಎಂದ ತಿಮ್ಮ.

ಯಾರೂ ನಗಲಿಲ್ಲ. ಎಲ್ಲರೂ ಮಾಸ್ತರರ ಕಡೆ ನೋಡಿ ಕಣ್ಣು ತೆಗೆದರು. ತಕರಾರು ಬರೆದವನು ಈ ಅಂಗಳದಲ್ಲೇ ಇರಬಹುದು ಎಂದು ನಾನು ಒಂದೊಂದು ಮುಖವನ್ನೂ ನೋಡಿದೆ. ಹಾಗೆ ನೋಡಲು ಶುರು ಮಾಡಿದರೆ ಎಲ್ಲ ಮುಖವೂ ಅದೇ ಮುಖವಾಗುತ್ತದೆ. ಶಾಲೆಗೆ ಮರಳಿ, ಟ್ರಂಕನ್ನು ಇಬ್ಬರ ತಲೆದೆಸೆಗೆ ಇಟ್ಟುಕೊಂಡು ಮಲಗಿದೆವು. ಬಾಗಿಲಿಗೆ ಅಗುಳಿ ಇರಲಿಲ್ಲ. ಹಿಂದಿನ ರಾತ್ರಿ ಕಣ್ಣು ಮುಚ್ಚಿರಲಿಲ್ಲ, ಆಮೇಲೆ ಆ ನಡಿಗೆ. ಸತ್ತ ಹಾಗೆ ನಿದ್ದೆ ಬಂತು.

ನಸುಕಿನಲ್ಲಿ ಹೆಗಡೆಯವರ ಕೂಗಿಗೆ ಎಚ್ಚರವಾಯಿತು. ಹೊರಗೆ ಬಂದರೆ ಶಾಲೆಯ ಗಂಟೆ ಹಲಸಿನ ಮರದ ಕೊಂಬೆಯಲ್ಲಿತ್ತು. ಕರಿಹಲಗೆ ಹೆಂಚಿನ ಮೇಲೆ. ಹೆಗಡೆಯವರ ಗಾಡಿಯ ಒಂದು ಗಾಲಿ ಬಾವಿಕಟ್ಟೆಗೆ ಒರಗಿತ್ತು. ಜಗಲಿಯ ಮೇಲಿದ್ದ ಮೊಗೆಕಾಯಿ ಇಲ್ಲ. ಒಳಗೆ ಓಡಿ ಬಂದು ನೋಡಿದೆ. ನಮ್ಮ ತಲೆದೆಸೆಯಲ್ಲಿದ್ದ ಟ್ರಂಕೂ ಇಲ್ಲ.

ಮಾಸ್ತರರು ನೆಲದ ಮೇಲೆ, ಟ್ರಂಕು ಇದ್ದ ಜಾಗವನ್ನೇ ನೋಡುತ್ತ ಕೂತಿದ್ದರು. "ಒಯ್ದು ಕೊಟ್ಟರು. ಮುಗೀತು," ಎಂದರು.

ಹೆಗಡೆಯವರು ವಿವರಿಸಿದರು. ನೀರು ತುಂಬಿದ ರಾತ್ರಿ ಊರಿನ ಗಂಡಸರು ಸುಮ್ಮನೆ ಕಳ್ಳತನ ಮಾಡುವ ರೂಢಿ ಇದೆ. ಸೌತೆಕಾಯಿ, ಎಳನೀರು, ಬಾಳೆಗೊನೆ ಕದಿಯುತ್ತಾರೆ. ಇದ್ದ ಸಾಮಾನು ಇಲ್ಲದ ಕಡೆ ಇಡುತ್ತಾರೆ. ಅದು ಬೂರೆಗಳ್ಳತನ. ಕಳೆದುಕೊಂಡವನು ಬೈಯುವಂತಿಲ್ಲ, ಯಾರು ಒಯ್ದರೆಂದು ಕೇಳುವಂತಿಲ್ಲ, ಒಯ್ದವನು ಹೇಳುವಂತಿಲ್ಲ. ನಾನು ಬಯಲುಸೀಮೆಯವನು, ಮಾಸ್ತರರು ಹಬ್ಬಕ್ಕೆ ಬನವಾಸಿ ಬಿಟ್ಟು ಈ ಕಡೆ ಬಂದವರಲ್ಲ. ಇಬ್ಬರೂ ಇದನ್ನು ಕೇಳಿರಲಿಲ್ಲ.

"ಟ್ರಂಕು ಕದಿಯೋದೂ ರೂಢಿಯೊಳಗ ಐತೇನ್ರಿ?" ಎಂದು ಕೇಳಿದೆ.

ಹೆಗಡೆಯವರು ತಲೆ ಅಲ್ಲಾಡಿಸಿದರು. "ನಾನು ನೋಡಿದ್ದಿಲ್ಲ." ಅವರ ಮುಖವೂ ಬಿಳಿಚಿಕೊಂಡಿತ್ತು.

ನಾನು ಲೆಕ್ಕ ಹಾಕಿದೆ. ಊರಿನವರು ಆಟಕ್ಕೆ ಒಯ್ದಿದ್ದರೆ ಯಾವುದೋ ಮರದ ಮೇಲೆ ಕಾಣಿಸಿಕೊಳ್ಳುತ್ತದೆ, ಫೌಜದಾರ ಬಂದಾಗ ಅದು ಎಲ್ಲರ ಕಣ್ಣಿಗೆ ಬೀಳುತ್ತದೆ. ಪೊಲೀಸರಿಗೆ ಮುಟ್ಟಿಸಲು ಒಯ್ದಿದ್ದರೆ ಇಷ್ಟು ಹೊತ್ತಿಗೆ ಮುಟ್ಟಿದೆ. ಹೇಗೆ ನೋಡಿದರೂ ಮಾಸ್ತರರು ಮನೆ ನೋಡುವುದಿಲ್ಲ. ಮರಗಳ ಮೇಲೆ, ಹುಲ್ಲಿನ ಬಣವೆಯ ಹಿಂದೆ, ಕೆರೆಯ ಏರಿಯಲ್ಲಿ ನೋಡಿ ಬಂದೆ. ಹುಡುಕುತ್ತಿದ್ದೇನೆಂದು ಗೊತ್ತಾಗದ ಹಾಗೆ ಹುಡುಕಬೇಕಿತ್ತು.

ನಾನು ಮರಳಿದಾಗ ದ್ಯಾವಮ್ಮ ಎಣ್ಣೆಯ ಗಿಂಡಿ ಹಿಡಿದು ಶಾಲೆಯ ಮೆಟ್ಟಿಲ ಮೇಲೆ ನಿಂತಿದ್ದಳು. "ಹಬ್ಬದ ದಿನ ತಲೆ ಒಣಗಿಸ್ಕಂಡು ಕೂತ್ಕಳ್ಬಾರ್ದು. ಬನ್ನಿ ಮಾಸ್ತರೇ."

"ಬ್ಯಾಡವ್ವ."

"ಬ್ಯಾಡ ಅನ್ನೂಕೆ ಇದು ನಿಮ್ಮ ಸಾಲೆ ಅಲ್ಲ, ಹಬ್ಬ. ಟೋಪಿ ತೆಗೀರಿ."

ಅವರು ಟೋಪಿ ತೆಗೆದರು. ಅವಳು ತಲೆಗೆ ಎಣ್ಣೆ ತಟ್ಟುತ್ತಿರುವಾಗಲೇ ಗದ್ದೆಯ ಬದುವಿನ ಮೇಲೆ ಬೂಟಿನ ಸದ್ದು ಬಂತು. ಫೌಜದಾರರು, ಹಿಂದೆ ಇಬ್ಬರು ಪೊಲೀಸರು. ಹಾಗೆ ಚನ್ನಬಸಪ್ಪ ಮಾಸ್ತರರು ಪಂಚೆ ಉಟ್ಟು, ಬರಿ ಮೈಯಲ್ಲಿ, ಕಿವಿಯ ಹಿಂದಿನಿಂದ ಎಣ್ಣೆ ಇಳಿಯುತ್ತಿರುವಾಗ ಎದ್ದು ನಿಂತರು. ಆ ಕೋಟು ಟೋಪಿ ಇಲ್ಲದೆ ಅವರು ಎಷ್ಟು ಸಣ್ಣ ಮನುಷ್ಯ ಎಂದು ಆಗ ಗೊತ್ತಾಯಿತು.

ಫೌಜದಾರರು ಬೆಳಗಾವಿ ಕಡೆಯವರು. ಸಿಟ್ಟಿನ ಮನುಷ್ಯನಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಮಾಸ್ತರ, ಪೆಟಿಗಿ ತಗೊಂಡು ಬರ್ರಿ," ಎಂದರು, ನೀರು ಕೇಳುವ ಹಾಗೆ.

ಅಂದರೆ ಪೆಟ್ಟಿಗೆ ಅವರ ಕೈ ಸೇರಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಊರು ಸೇರಿತ್ತು. ತಿಮ್ಮ ನಾಯ್ಕ ಮುಂದೆ ಬಂದ.

"ನಿನ್ನೆ ಬೂರೆ ಅಲ್ದಾ ಒಡೆಯಾ, ಏನೇನೋ ಹೋಯ್ತು. ಗಂಟೆ ಮರ ಹತ್ತದೆ ನೋಡಿ. ಹೆಗಡೇರ ಗಾಡಿ ಕುಂಟ ಆಗದೆ. ಪೆಟ್ಟಿಗೆನೂ ಹೋಯ್ತಂತೆ."

"ಯಾರು ಒಯ್ದರು?"

"ಬೂರೆದು ಕೇಳೂದಲ್ಲ ಒಡೆಯಾ."

"ನಾ ಕೇಳಾಕತ್ತೇನಿ."

"ನೀವು ಕೇಳ್ಬೌದು. ನಂಗೆ ಹೇಳೂಕೆ ಬರೂದಿಲ್ಲ."

ದ್ಯಾವಮ್ಮ ಎಣ್ಣೆ ಕೈ ಸೆರಗಿಗೆ ಒರೆಸಿಕೊಂಡು ಫೌಜದಾರರ ಎದುರಿಗೇ ಹೋದಳು. "ಹುಡ್ಕೂದೇ ಆದ್ರೆ ನನ್ನ ಮೊಗೆಕಾಯಿ ಮೊದ್ಲು ಹುಡ್ಕಿ ಕೊಡಿ. ಹೆಗಡೇರ ಜಗಲಿ ಮ್ಯಾಲಿಟ್ಟಿದ್ದೆ, ಕಂಕುಳ ತುಂಬುವಷ್ಟು ದೊಡ್ಡದು. ಸರ್ಕಾರದವ್ರು ಬಂದದ್ದೇ ಚೊಲೋ ಆಯ್ತು."

ಒಬ್ಬ ಪೊಲೀಸನಿಗೆ ನಗು ತಡೆಯಲಾಗಲಿಲ್ಲ. ಫೌಜದಾರರು ಅವನನ್ನು ನೋಡಿದರು, ನಗು ನಿಂತಿತು. ಹುಡುಕಿದರು. ಶಾಲೆ, ಹೆಗಡೆಯವರ ಮನೆ, ತಿಮ್ಮನ ಕೊಟ್ಟಿಗೆ, ಬೆಳಗಿನ ನೀರಿನ ಹಂಡೆ ಕೂಡ. ಹಬ್ಬದ ನೀರಿಗೆ ಲಾಠಿ ಅದ್ದಿದಾಗ ಹೆಂಗಸರು ಮುಖ ತಿರುಗಿಸಿದರು. ಏನೂ ಸಿಗಲಿಲ್ಲ. ಆಗ ಫೌಜದಾರರು ನನ್ನ ಹತ್ತಿರ ಬಂದರು.

"ನೀವು ಪೇಪರಿನವರು. ನಿಮ್ಮ ಹೆಸರು ನನ್ನ ಹತ್ರ ಐತಿ. ನೀವು ಬರದದ್ದು ಮಂದಿ ಓದ್ತಾರ, ಅಂದ ಮ್ಯಾಲೆ ಸುಳ್ಳು ಹೇಳಬಾರದು. ಪೆಟಿಗಿ ಎಲ್ಲಿ?"

"ಗೊತ್ತಿಲ್ಲ. ಮಲಗಿದಾಗ ಇತ್ತು. ಎದ್ದಾಗ ಇರಲಿಲ್ಲ."

"ಯಾರ ಮ್ಯಾಲೆ ಸಂಶಯ?"

"ಯಾರನ್ನೂ ನೋಡಿಲ್ಲ." ಅದು ನಿಜವಾಗಿತ್ತು. ಯಾರನ್ನೂ ನಾನು ನೋಡದ ಹಾಗೆ ನೋಡಿಕೊಂಡವರು ಯಾರೋ ಅಲ್ಲೇ ನಿಂತಿದ್ದರು ಎಂಬುದು ಆ ಕ್ಷಣದಲ್ಲಿ ನನಗೆ ಹೊಳೆಯಿತು.

"ಅವರ ನಾಯಕನ ಫೋಟೊ ಇತ್ತೇನು ಅದರಾಗ?"

ಇಲ್ಲ ಎಂದರೆ ಯಲ್ಲಾಪುರದಲ್ಲಿ ನೋಡಿದವರು ನೂರು ಮಂದಿ ಇದ್ದರು. "ಒಂದು ಕ್ಲಾಸಿನ ಚಿತ್ರ ಇತ್ತು. ಗ್ವಾಡಿ ಮ್ಯಾಲೆ ಪಟ ಇತ್ತು, ನಮ್ಮ ಸಾಲ್ಯಾಗ ಗಾಂಧೀಜಿ ಪಟ ಇದ್ದಂಗ. ಮಾಸ್ತರರು ಅದನ್ನ ಬೊಟ್ಟು ಮಾಡಿ ತೋರಿಸಲಿಲ್ಲ. ಯಾರೂ ಕೈ ಮುಗೀಲಿಲ್ಲ. ನಾ ಅಲ್ಲೇ ಇದ್ದೆ."

ಫೌಜದಾರರು ಊರಿನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಪೆಟಿಗಿ ಸಿಕ್ಕಿದ್ದರ ಮಾಸ್ತರನ್ನ ಒಯ್ಯಾವಿದ್ದೆ. ಸಿಗಲಿಲ್ಲ. ಆದ್ರ ಅದು ಯಾರದಾದ್ರೂ ಮನ್ಯಾಗ ಸಿಕ್ಕಿತು ಅಂದ್ರ, ಇವತ್ತ ಆಗಲಿ ಹತ್ತು ವರ್ಷದ ಮ್ಯಾಲಾಗಲಿ, ಒಬ್ಬನ್ನಲ್ಲ, ಇಡೀ ಊರು ಒಯ್ತೀನಿ. ನೆನಪಿರಲಿ," ಎಂದರು.

ಬೂಟಿನ ಸದ್ದು ಗದ್ದೆ ದಾಟಿ ಕಾಡಿನಲ್ಲಿ ಇಳಿದು ಹೋಗುವ ತನಕ ಯಾರೂ ಕದಲಲಿಲ್ಲ. ಆಮೇಲೆ ದ್ಯಾವಮ್ಮ, "ಎಣ್ಣೆ ಒಣಗ್ತು, ನೀರು ಬಿಸಿ ಮಾಡ್ರಾ," ಎಂದಳು.

ಅಮಾವಾಸ್ಯೆ, ಪಾಡ್ಯ, ಗೋಪೂಜೆ ಎಲ್ಲ ಅಲ್ಲೇ ಕಳೆದವು. ದನಗಳ ಕೊರಳಿಗೆ ಹಾರ ಹಾಕಿ, ಜಾಗಟೆ ಬಡಿದು ಓಡಿಸುವಾಗ ಮಾಸ್ತರರು ಬೆಚ್ಚಿ ಶಾಲೆಯೊಳಗೆ ಹೋಗಿ ನಿಂತರು. ಊಟಕ್ಕೆ ಕೂತರೆ ನಮ್ಮಿಬ್ಬರ ಕಿವಿಯೂ ದಾರಿಯ ಕಡೆ ಇರುತ್ತಿತ್ತು. ಮಾಸ್ತರರು ಒಂದೊಂದು ಮುಖವನ್ನೂ ನೋಡುತ್ತಿದ್ದರು, ಯಾರು ಒಯ್ದರೆಂದು ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿ ತಿಳಿದುಕೊಂಡರೆ ಮುಂದಿನ ಸಲ ಫೌಜದಾರರಿಗೆ 'ಗೊತ್ತಿಲ್ಲ' ಎನ್ನಲಾಗುತ್ತಿರಲಿಲ್ಲ.

ಹುಬ್ಬಳ್ಳಿಗೆ ಬಂದು ಬರೆದುಕೊಟ್ಟದ್ದನ್ನು ಸಂಪಾದಕರು ಓದಿ ಪಕ್ಕಕ್ಕಿಟ್ಟರು. "ಫೌಜದಾರ ಬಂದ, ಪೆಟಿಗಿ ಸಿಗಲಿಲ್ಲ, ಹೋದ. ಇದರಾಗ ಸುದ್ದಿ ಎಲ್ಲೈತಿ?" ಎಂದರು. ಅದು ಅಚ್ಚಾಗಲಿಲ್ಲ.

ಮಾಸ್ತರರು ಮತ್ತೆ ಶಾಲೆಗಳ ಪ್ರವಾಸ ಮಾಡಲಿಲ್ಲ. ಅವರನ್ನು ಚೀನಾ ಮಾಸ್ತರು ಎಂದು ಕರೆಯುವವರೂ ಉಳಿಯಲಿಲ್ಲ. ಕೆಲವು ವರ್ಷಗಳ ನಂತರ ಬನವಾಸಿಯಲ್ಲಿ ಅವರನ್ನು ಕಂಡಾಗ ಹಾಸಿಗೆ ಹಿಡಿದಿದ್ದರು. ಮಾತಿನ ನಡುವೆ, "ಚೀನಾದಾಗ ದೀಪ ಹಿಡಕೊಂಡು ನಿಂತಾಕೀ ಮುಖ ಅರ ನೋಡಿದ್ದೆ," ಎಂದು ಅಲ್ಲಿಗೆ ನಿಲ್ಲಿಸಿದರು. ಮುಂದಿನದನ್ನು ನಾನೇ ತುಂಬಿಕೊಂಡೆ: ಪೆಟ್ಟಿಗೆ ಒಯ್ದು ತನ್ನನ್ನು ಉಳಿಸಿದವರ ಮುಖ ನೋಡಲಿಲ್ಲ. ಅದಾಗಿ ಹೆಚ್ಚು ದಿನ ಅವರು ಇರಲಿಲ್ಲ.

ನಿವೃತ್ತಿಯಾದ ವರ್ಷ ಉಂಚಳ್ಳಿ ಜಲಪಾತ ನೋಡಲೆಂದು ಹೊರಟವನು, ದೀಪಾವಳಿಯ ದಿನಗಳೇ ಆದ್ದರಿಂದ, ದಾರಿ ತಿರುಗಿಸಿ ಆ ಊರಿಗೆ ಹೋದೆ. ಶಾಲೆಗೆ ಹೊಸ ಕಟ್ಟಡ ಬಂದಿತ್ತು. ಹೆಗಡೆಯವರು ಇರಲಿಲ್ಲ, ದ್ಯಾವಮ್ಮನೂ ಇರಲಿಲ್ಲ. ತಿಮ್ಮ ನಾಯ್ಕನ ಮನೆಯ ಮೆಟ್ಟಿಲು ಹತ್ತಿದಾಗ ಮುಸ್ಸಂಜೆ. ನನ್ನ ಕಾಲಲ್ಲಿ ಬೂಟು ಇತ್ತು.

ಒಳಗೆ ಗೋಡೆಯ ಗೂಡಿನಲ್ಲಿ ಹಣತೆ ಉರಿಯುತ್ತಿತ್ತು. ಹಣತೆಯ ಮುಂದೆ, ಮಣ್ಣಿನ ಮುದ್ದೆಗೆ ಸಿಕ್ಕಿಸಿದ ಅಂಗೈಯಗಲದ ಗಾಜು. ಬೆಳಕು ಅದರ ಬೆನ್ನಿಗೆ ಬಿದ್ದು ಎರಡು ಜಡೆ, ಒಂದು ಕಾಗದದ ದೀಪ ಕಾಣುತ್ತಿದ್ದವು. ಅದನ್ನು ನಾನು ನೋಡಿದ್ದು ಒಂದೇ ಗಳಿಗೆ. ಬೂಟಿನ ಸದ್ದಿಗೆ ಮೂಲೆಯಲ್ಲಿದ್ದ ಮುದುಕ ಎದ್ದು ಗಾಜನ್ನು ಕವುಚಿ, ಅದರ ಮೇಲೆ ಕೈ ಇಟ್ಟು ನಿಂತುಬಿಟ್ಟ.

"ತಿಮ್ಮಪ್ಪ, ನಾನು ಪೇಪರಿನವನು. ಮಾಸ್ತರರ ಜೊತಿ ಬಂದಿದ್ದೆ."

ಅವನು ನನ್ನ ಮುಖ ನೋಡಿ ಗುರುತಿಸಿದ. ಆಮೇಲೆ ಕೈ ತೆಗೆದು ಗಾಜನ್ನು ಮತ್ತೆ ನಿಲ್ಲಿಸಿದ. "ಉಳಿದದ್ದೆಲ್ಲ ಆ ರಾತ್ರಿನೇ ಹೊಳೆಗೆ ಹೋಯ್ತು," ಎಂದ, ಯಾರು ಹಾಕಿದರೆಂದು ಹೇಳದೆ. "ಇದೊಂದನ್ನ ಅವ್ವ ಬಿಡ್ಲಿಲ್ಲ. ಬೈದ್ರೂ ಕೇಳ್ಲಿಲ್ಲ. ಅವ್ಳು ಇರೂ ತನ್ಕ ಅಕ್ಕಿ ಮಡಕೆ ತಳದಲ್ಲಿ ಇತ್ತು. ಅವ್ಳು ಹೋದ್ಮೇಲೆ ಹಬ್ಬಕ್ಕೆ ಮಾತ್ರ ಹೊರಗೆ ತೆಗಿತೆ."

ನಾನು ಗೂಡಿನ ಹತ್ತಿರ ಹೋಗಿ ನಿಂತೆ. ಗಾಜಿನ ಒಂದು ಮೂಲೆ ಒಡೆದಿತ್ತು. ಹುಡುಗಿಯ ಮುಖಕ್ಕೆ ಏನೂ ಆಗಿರಲಿಲ್ಲ.

"ಪೇಪರಲ್ಲಿ ಬರೀತ್ರಾ?" ಎಂದು ಕೇಳಿದ.

"ಯಾವಾಗರ ಬರದೇನು."

"ಬರೀರಿ. ಊರ ಹೆಸ್ರು ಬ್ಯಾಡ."

"ಈಗ ಯಾರು ಬರ್ತಾರ ತಿಮ್ಮಪ್ಪ? ಆ ಫೌಜದಾರರು ಸತ್ತೇ ಹೋಗಿರಬೇಕು."

"ಸತ್ತಿರ್ಲಿಕ್ಕೂ ಸಾಕು," ಎಂದ. "ಹೆಸ್ರು ಬ್ಯಾಡ."

ಆಗಲಿ ಎಂದೆ. ಅವನು ಹಣತೆಗೆ ಎಣ್ಣೆ ಹನಿಸಿದ. ಬತ್ತಿ ದೊಡ್ಡದಾಗಿ ಹುಡುಗಿಯ ಕೈಯ ದೀಪಕ್ಕೂ ಬೆಳಕು ಬಂತು. ಅಷ್ಟರಲ್ಲಿ ಅಂಗಳದಲ್ಲಿ ಯಾರದೋ ಹೆಜ್ಜೆಯ ಸದ್ದಾಯಿತು. ತಿಮ್ಮ ನಾಯ್ಕ ಗೂಡಿನ ಕಡೆ ತಿರುಗಿದ. ಆದರೆ ಗಾಜನ್ನು ಕವುಚಿ ಅದರ ಮೇಲೆ ಕೂತದ್ದು, ಅವನದಕ್ಕಿಂತ ಮೊದಲು, ನನ್ನ ಕೈ.